ಅನಲಾಗ್ ಸಿಂಥಸೈಜರ್ ನಾದದ ಡಿಜಿಟಲ್ ಮರುಸೃಷ್ಟಿ

ಟ್ರಾನ್ಸಿಸ್ಟರ್, ಕೆಪಾಸಿಟರುಗಳ ಮಂಡಲದಲ್ಲಿ ವಿದ್ಯುತ್ತನ್ನೇ ಅಲೆಯಾಡಿಸಿ ನಾದ ಹುಟ್ಟಿಸುವ ಯಂತ್ರಕ್ಕೆ ಅನಲಾಗ್ ಸಿಂಥಸೈಜರ್ ಎಂದು ಹೆಸರು. 1960ರ ದಶಕದ ನಡುವಿನಿಂದ ಸುಮಾರು ಇಪ್ಪತ್ತು ವರ್ಷ ಅದರ ಕಾಲ. ಆ ನಾದವನ್ನು ಅಂಕಿಗಳ ಲೆಕ್ಕದಲ್ಲಿ ನಡೆಯುವ ಕೀಬೋರ್ಡಿನಿಂದ ಮತ್ತೆ ಹೊರಡಿಸುವ ಪ್ರಯತ್ನ ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಸೇರಿದ್ದಲ್ಲ. ಹೊಸೂರಿನ ಪಕ್ಕದ ಅವಲಪಲ್ಲಿಯಂಥ ಗಡಿ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಅಂಥ ಕಡೆ ಆರ್ಕೆಸ್ಟ್ರಾದಲ್ಲಿ ಕೂರುವ ಕೀಬೋರ್ಡ್ ವಾದಕ ಇಳಯರಾಜರ 1981ರ ‘ಗೀತಾ’ ಚಿತ್ರದಿಂದ ಹಂಸಲೇಖರ 1987ರ ‘ಪ್ರೇಮಲೋಕ’ದವರೆಗಿನ ಹಾಡುಗಳಿಗೆ ಬೇಕಾದ ಟೋನ್‌ಗಳನ್ನೆಲ್ಲ ಒಂದೇ ವಾದ್ಯದಲ್ಲಿ ಹೊಂದಿಸಿಕೊಳ್ಳಬೇಕು. ಈ ಇತಿಹಾಸವನ್ನು ಅಲೆಯ ಆಕಾರವನ್ನು ಹೆಚ್ಚು ಹೆಚ್ಚು ನಿಖರವಾಗಿ ನಕಲು ಮಾಡುತ್ತ ಹೋದ ಕಥೆಯೆಂದು ಹೇಳುವುದು ರೂಢಿ. ನಡೆದದ್ದು ಬೇರೆ. ಆಕಾರವನ್ನು ನಕಲು ಮಾಡಿದಷ್ಟೂ ಕಾಲ ನಾದ ಸಿಕ್ಕಲಿಲ್ಲ. ಯಂತ್ರದ ನಡತೆಯನ್ನು ಹಿಡಿದ ಮೇಲೆ ಸಿಕ್ಕಿತು.

ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಮಾಡ್ಯುಲರ್ ಯಂತ್ರ ಭಾರತಕ್ಕೆ ಬೇಗನೆ ಬಂತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲಿ ಅದನ್ನಿಟ್ಟು ಸ್ಟುಡಿಯೋ ಕಟ್ಟಿಕೊಟ್ಟರು. 1970ರಲ್ಲಿ ಬಂದ ಮಿನಿಮೂಗ್ 44 ಕೀಗಳ, ಅಲೆ ಹುಟ್ಟಿಸುವ ಮೂರು ಆಸಿಲೇಟರುಗಳ, ಒಂದು ಸಲಕ್ಕೆ ಒಂದೇ ಸ್ವರ ನುಡಿಸುವ ವಾದ್ಯ. ಅದರ ಎಡಗಡೆ ಶ್ರುತಿಯನ್ನು ಬಾಗಿಸುವ ಚಕ್ರವಿತ್ತು. 1978ರ ಪ್ರಾಫೆಟ್-5 ಐದು ಸ್ವರಗಳನ್ನು ಒಟ್ಟಿಗೆ ನುಡಿಸಿತು, ಟೋನ್‌ಗಳನ್ನು ನೆನಪಿನಲ್ಲಿಯೂ ಇಟ್ಟುಕೊಂಡಿತು. ಈ ಯಂತ್ರಗಳು ಬಿಸಿಯಾದಂತೆ ಶ್ರುತಿ ಜಾರುತ್ತಿತ್ತು. ಪ್ರಾಫೆಟ್-5ರಲ್ಲಿ ಐದೂ ಸ್ವರಮಂಡಲಗಳನ್ನು (ಒಂದೊಂದು ಸ್ವರವನ್ನು ನುಡಿಸುವ ವಿದ್ಯುತ್ ಮಂಡಲಗಳನ್ನು) ಮತ್ತೆ ಶ್ರುತಿಗೆ ತರಲೆಂದೇ ಒಂದು ಗುಂಡಿ ಇಟ್ಟಿದ್ದರು. ಆ ಕಾಲದ ವಾದಕರಿಗೆ ಕಾಟವಾಗಿದ್ದ ದೋಷವನ್ನು ಈಗ ಯಾಕೆ ಮರಳಿ ತರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಇಡೀ ವಾದ್ಯ ಹಾಡುಗಾರರ ಶ್ರುತಿಯಿಂದ ದೂರ ಸರಿಯುವುದು ದೋಷವೇ. ಅದನ್ನು ಯಾರೂ ಬಯಸುವುದಿಲ್ಲ. ವಾದ್ಯದೊಳಗಿನ ಆಸಿಲೇಟರುಗಳು ಒಂದರಿಂದೊಂದು ಕೂದಲೆಳೆಯಷ್ಟು ಸರಿಯುತ್ತಿರುವುದು ಬೇರೆ ವಿಷಯ. ಒಂದು 440 ಹರ್ಟ್ಸ್‌ನಲ್ಲಿ, ಇನ್ನೊಂದು 441.5ರಲ್ಲಿ ನುಡಿದರೆ ಎರಡು ಸೆಕೆಂಡಿಗೆ ಮೂರು ಸಲ ನಾದ ಉಬ್ಬಿ ಇಳಿಯುತ್ತದೆ. ಜನ ‘ತುಂಬಿದ ನಾದ’ ಎನ್ನುವುದು ಈ ಉಸಿರಾಟಕ್ಕೆ.

ಯಮಾಹಾದ ಡಿಎಕ್ಸ್7 ಬಂದದ್ದು 1983ರಲ್ಲಿ. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ವಿಧಾನದ (ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಬದಲಿಸುವ ವಿಧಾನದ) ಮೇಲೆ ನಿಂತ ಈ ಡಿಜಿಟಲ್ ಕೀಬೋರ್ಡು ಶ್ರುತಿ ತಪ್ಪುತ್ತಿರಲಿಲ್ಲ. ಗಂಟೆ, ಎಲೆಕ್ಟ್ರಿಕ್ ಪಿಯಾನೋಗಳ ನಾದ ಅದರಲ್ಲಿ ಸ್ಫಟಿಕದಂತೆ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಅನಲಾಗ್ ಯಂತ್ರಗಳು ಮೂಲೆ ಸೇರಿದವು. 1988ರ ಕಾರ್ಗ್ ಎಂ1ರಂಥ ವಾದ್ಯಗಳು ಧ್ವನಿಮುದ್ರಿಸಿದ ತುಣುಕುಗಳನ್ನು ನುಡಿಸುತ್ತಿದ್ದವು. ಹಳೆಯ ಸಿಂಥಸೈಜರಿನ ಸ್ವರವನ್ನೂ ಹಾಗೆ ಮುದ್ರಿಸಿ ಇಟ್ಟರೆ ಸಾಕೆಂದು ಎಷ್ಟೋ ತಯಾರಕರು ನಂಬಿದರು. ಆ ಸ್ಯಾಂಪಲ್ ಮೊದಲ ಸಲ ಕೇಳುವಾಗ ಮೂಲದಂತೆಯೇ ಇರುತ್ತದೆ. ಒಂದೇ ಕೀಯನ್ನು ಎಂಟು ಸಲ ಬೇಗ ಬೇಗ ಒತ್ತಿದರೆ ಗುಟ್ಟು ಹೊರಬೀಳುತ್ತದೆ: ಎಂಟೂ ಅಚ್ಚೊತ್ತಿದಂತೆ ಒಂದೇ. ಮಿನಿಮೂಗಿನ ಆಸಿಲೇಟರುಗಳು ಕೀ ಒತ್ತದಿರುವಾಗಲೂ ಒಳಗೆ ಓಡುತ್ತಲೇ ಇರುತ್ತವೆ. ಬೆರಳು ಬಿದ್ದಾಗ ಅಲೆ ಯಾವ ಹಂತದಲ್ಲಿರುತ್ತದೋ ಅಲ್ಲಿಂದ ನಾದ ಶುರು. ಹಾಗಾಗಿ ಪ್ರತಿ ಸ್ವರದ ಮೊದಲ ತುದಿ ಬೇರೆ ಬೇರೆ.

ನಾದದ ಜೀವ ಇಂಥ ಸಣ್ಣ ವ್ಯತ್ಯಾಸಗಳಲ್ಲಿದೆ ಎಂಬುದು ನಮ್ಮ ಸಂಗೀತದವರಿಗೆ ಹೊಸ ಪಾಠವೇನಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ಹತ್ತಿಯ ದಾರ ಇಡುತ್ತಾರೆ. ಅದನ್ನು ಜೀವ ಎನ್ನುವುದು ಸುಮ್ಮನೆ ಅಲ್ಲ: ದಾರವನ್ನು ಅಕ್ಕಿಕಾಳಿನಷ್ಟು ಸರಿಸಿದರೆ ಅನುಸ್ವರಗಳು (ಮೂಲ ಸ್ವರದ ಇಮ್ಮಡಿ, ಮುಮ್ಮಡಿ ಕಂಪನಗಳು) ತೆರೆದುಕೊಳ್ಳುತ್ತವೆ, ಇನ್ನಷ್ಟು ಸರಿಸಿದರೆ ಮುಚ್ಚಿಕೊಳ್ಳುತ್ತವೆ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ 1979ರಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ತಂದಾಗ ಎದುರಾದದ್ದು ಇದೇ ಸವಾಲು. ಪಂಚಮ, ಷಡ್ಜಗಳ ಕಂಪನಸಂಖ್ಯೆಯನ್ನು ಸರಿಯಾಗಿ ಕೊಡುವುದು ಸುಲಭ. ಮೀಟಿದ ತಂತಿಯ ನಾದ ಅರಳಿ ಕುಗ್ಗುವ ಬಗೆಯನ್ನು ಕೊಡುವುದು ಕಷ್ಟ.

ನಡತೆಯನ್ನೇ ಲೆಕ್ಕಕ್ಕೆ ತರುವ ಪ್ರಯತ್ನಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದದ್ದು 1995ರಲ್ಲಿ, ಸ್ವೀಡನ್ನಿನ ಕ್ಲಾವಿಯಾ ಸಂಸ್ಥೆಯ ಕೆಂಪು ನಾರ್ಡ್ ಲೀಡ್ ಕೀಬೋರ್ಡಿನಿಂದ. ಅದು ಅನಲಾಗ್ ಮಂಡಲದ ಕೆಲಸವನ್ನು ಆ ಕ್ಷಣದಲ್ಲೇ ಲೆಕ್ಕ ಹಾಕುತ್ತಿತ್ತು. ಅಲ್ಲೂ ತೊಡಕುಗಳಿದ್ದವು. ಸೆಕೆಂಡಿಗೆ 44,100 ಅಂಕಿಗಳಲ್ಲಿ ನಾದವನ್ನು ಬರೆಯುವ ಯಂತ್ರ 22,050 ಹರ್ಟ್ಸ್‌ಗಿಂತ ಮೇಲಿನ ಕಂಪನವನ್ನು ಹಿಡಿಯಲಾರದು. ಮೇಲಿನದು ಮಡಚಿಕೊಂಡು ಕೆಳಗೆ ಬೀಳುತ್ತದೆ. ಗರಗಸದ ಹಲ್ಲಿನಂಥ ಅಲೆಯನ್ನು 3,000 ಹರ್ಟ್ಸ್‌ನಲ್ಲಿ ನುಡಿಸಿದರೆ ಅದರ ಹದಿನೈದನೆಯ ಅನುಸ್ವರ 45,000. ಅದು 900 ಹರ್ಟ್ಸ್‌ನ ಅಪಸ್ವರವಾಗಿ, ಮೂಲ ಸ್ವರಕ್ಕಿಂತ ಕೆಳಗೆ ಕೇಳಿಸುತ್ತದೆ. ಹಳೆಯ ಡಿಜಿಟಲ್ ನಾದಕ್ಕೆ ಕಿವಿ ಕೊರೆಯುವ ಗುಣ ಬರಲು ಇದೂ ಒಂದು ಕಾರಣ. ಸಂಶೋಧಕರಾದ ಸ್ಟಿಲ್ಸನ್ ಮತ್ತು ಜೂಲಿಯಸ್ ಸ್ಮಿತ್ 1996ರಲ್ಲಿ ಇದನ್ನು ತಡೆಯುವ ಒಂದು ದಾರಿ ತೋರಿಸಿದರು. ಇನ್ನು, ಮೂಗ್ 1969ರಲ್ಲಿ ಪೇಟೆಂಟ್ ಪಡೆದ ಏಣಿಯಾಕಾರದ ಫಿಲ್ಟರು ನಾದವನ್ನು ಸೋಸುವುದರ ಜೊತೆಗೆ, ಜೋರಾದಾಗ ಅದನ್ನು ತುಸು ಹಿಸುಕುತ್ತದೆ ಕೂಡ. ಆ ಹಿಸುಕುವಿಕೆಯನ್ನೂ ಲೆಕ್ಕಕ್ಕೆ ಸೇರಿಸುವ ಮಾದರಿಯನ್ನು ಫಿನ್ಲೆಂಡಿನ ಆಂಟಿ ಹುವೊವಿಲೈನೆನ್ 2004ರಲ್ಲಿ ಕೊಟ್ಟರು.

ಕಣ್ಣು ಕಟ್ಟಿ ಕೇಳಿಸಿದರೆ ಮೂಲಕ್ಕೂ ನಕಲಿಗೂ ಇರುವ ವ್ಯತ್ಯಾಸ ಯಾರಿಗೂ ಗೊತ್ತಾಗದು ಎಂಬುದು ಬಲವಾದ ಆಕ್ಷೇಪ. ನಿಂತ ಒಂದು ಸ್ವರದ ಮಟ್ಟಿಗೆ ಅದನ್ನು ಒಪ್ಪಬೇಕು. ಆದರೆ ಹಾಡಿನಲ್ಲಿ ಸ್ವರ ನಿಲ್ಲುವುದಿಲ್ಲ. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಜುಪಿಟರ್-8, ಟಿಬಿ-303 ಸಿಂಥಸೈಜರುಗಳನ್ನೂ ಟಿಆರ್-808 ತಾಳಯಂತ್ರವನ್ನೂ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿದರು. ಟಿಬಿ-303 ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ನಮ್ಮ ಕಿವಿಗೆ ಜಾರು ಗಮಕದ ನೆಂಟನಂತೆ ಕೇಳುತ್ತದೆ. ವ್ಯತ್ಯಾಸ ಬಯಲಾಗುವುದು ಇಂಥ ಜಾರಿನಲ್ಲಿ, ಫಿಲ್ಟರಿನ ಗುಂಡಿ ತಿರುಗಿಸುವಾಗ.

ಶುದ್ಧ ಅನಲಾಗ್ ಮಾತ್ರ ನಿಜ, ಉಳಿದದ್ದೆಲ್ಲ ಸೋಗು ಎನ್ನುವವರ ವಾದ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಪ್ರಾಫೆಟ್-5ರ ಒಳಗೇ ಮೈಕ್ರೋಪ್ರೊಸೆಸರ್ ಇತ್ತು. 1984ರ ಜೂನೋ-106 ಸಿಂಥಸೈಜರಿನಲ್ಲಿ ಆಸಿಲೇಟರಿನ ಶ್ರುತಿಯನ್ನು ಹಿಡಿದದ್ದು ಡಿಜಿಟಲ್ ಗಡಿಯಾರ. ಅದರ ಹೆಸರಾಂತ ಅಗಲವಾದ ನಾದ ಬಂದದ್ದು ನಾದಕ್ಕೆ ಅದರದೇ ತುಸು ಸರಿದ ನಕಲನ್ನು ಬೆರೆಸುವ ಕೋರಸ್ ಮಂಡಲದಿಂದ. ಹಳೆಯ ನಾದ ಶುದ್ಧ ಅನಲಾಗ್‌ಗೆ ಮಾತ್ರ ಸೇರಿದ್ದಲ್ಲವಾದ್ದರಿಂದಲೇ ಸಾಮಾನ್ಯ ಕೀಬೋರ್ಡಿನಲ್ಲೂ ಅದರ ಹತ್ತಿರ ಹೋಗಲು ಸಾಧ್ಯ. ಉದಾಹರಣೆಗೆ, ಮಿನಿಮೂಗ್ ಬೆರಳು ಕೀಯನ್ನು ಒತ್ತುವ ವೇಗವನ್ನು ಅರಿಯುತ್ತಿರಲಿಲ್ಲ, ಆದ್ದರಿಂದ ಅದರ ಟೋನ್‌ಗೆ ಮೊದಲು ಆ ವೇಗಕ್ಕೆ ಸ್ಪಂದಿಸುವ ವೆಲಾಸಿಟಿ ತೆಗೆಯಬೇಕು. ಎರಡು ಆಸಿಲೇಟರುಗಳ ನಡುವೆ ಐದಾರು ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಅಂತರ ಇಟ್ಟು, ಎಲ್‌ಎಫ್‌ಒ ಎಂಬ ತೀರಾ ನಿಧಾನದ ಅಲೆಯೊಂದನ್ನು ಒಂದೇ ಆಸಿಲೇಟರಿನ ಶ್ರುತಿಗೆ ಗೊತ್ತಾಗದಷ್ಟು ತಾಗಿಸಬೇಕು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುವಂತೆ ಮೋನೋ ಮಾಡಿ, ಬೆರಳು ಬಿಡದೆ ನುಡಿಸಿದಾಗ ಮಾತ್ರ ಜಾರುವಂತೆ ಪೋರ್ಟಮೆಂಟೋ ಇಡಬೇಕು. ಇಷ್ಟನ್ನು ಕೀಬೋರ್ಡಿನ ನೆನಪಿನಲ್ಲಿ ಉಳಿಸಿಡಬಹುದು. ಎಡಗೈ ಚಕ್ರದ ಮೇಲೆ ಎಷ್ಟು ಹೊತ್ತು, ಎಷ್ಟು ದೂರ ಹೋಗಬೇಕೆಂಬುದನ್ನು ವಾದಕ ಪ್ರತಿ ಹಾಡಿಗೂ ಅಭ್ಯಾಸ ಮಾಡಿಕೊಳ್ಳಬೇಕು. 2020ರಲ್ಲಿ ಮರಳಿ ಬಂದ ಪ್ರಾಫೆಟ್-5ರ ಮುಖದ ಮೇಲೆ ‘ವಿಂಟೇಜ್’ ಎಂಬ ಹೊಸ ಗುಂಡಿಯಿದೆ. 4ರಿಂದ 1ರ ಕಡೆ ತಿರುಗಿಸಿದಷ್ಟೂ ಅದರ ಸ್ವರಮಂಡಲಗಳು ಒಂದರಿಂದೊಂದು ಸ್ವಲ್ಪ ಸ್ವಲ್ಪವೇ ಸರಿಯತೊಡಗುತ್ತವೆ.