ಸಂಜೆ ಆರರ ಕ್ಲಾಸು

ಹೋದ ಅಕ್ಟೋಬರಿನಿಂದ ನಾನು ಮತ್ತೆ ವಿದ್ಯಾರ್ಥಿ. ಬಿ.ಇ. ಮುಗಿಸಿ ಆರು ವರ್ಷ ಆದಮೇಲೆ, ಇನ್ನು ಜನ್ಮದಲ್ಲಿ ಪರೀಕ್ಷೆ ಬರೆಯಲ್ಲ ಅಂತ ಹಾಸ್ಟೆಲ್ ರೂಮಿನಲ್ಲಿ ಶಪಥ ಮಾಡಿದ್ದ ನಾನೇ, ದುಡ್ಡು ಕೊಟ್ಟು ಪರೀಕ್ಷೆ ಕೊಂಡುಕೊಂಡಿದ್ದೇನೆ. ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡು ಸಾಫ್ಟ್‌ವೇರ್. ನಮ್ಮಲ್ಲಿ ಇದೇನು ಹೊಸ ಕಥೆಯಲ್ಲ ಬಿಡಿ. ಆದರೆ ಕಂಪ್ಯೂಟರ್ ಸೈನ್ಸನ್ನು ನಾನು ಯಾವತ್ತೂ ಬುಡದಿಂದ ಓದಲಿಲ್ಲ ಅನ್ನೋದು ಒಳಗೊಳಗೇ ಚುಚ್ಚುತ್ತಿತ್ತು. ಅದಕ್ಕೇ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಎರಡು ವರ್ಷದ ಪಾರ್ಟ್‌ಟೈಮ್ ಎಂ.ಎಸ್ಸಿ. ಸೇರಿಕೊಂಡೆ. ವರ್ಕ್ ವೀಸಾದಲ್ಲಿ ಇರುವವರು ಪಾರ್ಟ್‌ಟೈಮ್ ಓದಬಹುದು, ಅದಕ್ಕೇನೂ ತಕರಾರಿಲ್ಲ. ಫೀಸು ಮಾತ್ರ ಹೊರದೇಶದವರ ಲೆಕ್ಕದಲ್ಲಿ ಕಟ್ಟಬೇಕು. ಆ ಅಂಕಿಯನ್ನು ರೂಪಾಯಿಗೆ ಪರಿವರ್ತಿಸಿ ನೋಡುವ ಧೈರ್ಯ ಇನ್ನೂ ಬಂದಿಲ್ಲ :-)

ಕ್ಲಾಸು ಸಂಜೆ ಆರರಿಂದ ಒಂಬತ್ತು. ಐದೂಕಾಲಿಗೆ ಕೆನರಿ ವಾರ್ಫ್‌ನ ಆಫೀಸಿನಿಂದ ಕಳ್ಳನ ಹಾಗೆ ಜಾಗ ಖಾಲಿ ಮಾಡಿ, ಎಲಿಜಬೆತ್ ಲೈನ್ ಹಿಡಿದು ಟಾಟನ್‌ಹ್ಯಾಮ್ ಕೋರ್ಟ್ ರೋಡಿನಲ್ಲಿ ಇಳಿದು, ಅಲ್ಲಿಂದ ಮ್ಯಾಲೆಟ್ ಸ್ಟ್ರೀಟಿಗೆ ಓಡುನಡಿಗೆ. ಪಕ್ಕದ ಕಾಲೇಜುಗಳ ಹುಡುಗರು ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಹೊರಟಿರುತ್ತಾರೆ, ನಾವು ಎದುರು ದಿಕ್ಕಿನಲ್ಲಿ ಒಳಗೆ ಹೋಗುತ್ತಿರುತ್ತೇವೆ. ಕಾಲೇಜಿನ ಲಾಂಛನದಲ್ಲಿ ಗೂಬೆ ಇದೆ. ನಮ್ಮ ಕಡೆ ಯಾರಾದರೂ ವಿದ್ಯಾಸಂಸ್ಥೆಗೆ ಗೂಬೆ ಚಿಹ್ನೆ ಇಡುತ್ತಾರಾ? ಇಲ್ಲಿ ಇಟ್ಟಿದ್ದಾರೆ, ಜೊತೆಗೆ ರಾತ್ರಿಯಲ್ಲಿ ಆಲೋಚನೆ ಅನ್ನುವ ಅರ್ಥದ ಲ್ಯಾಟಿನ್ ಧ್ಯೇಯವಾಕ್ಯ ಬೇರೆ.

ಸೇರಿದ ಸುದ್ದಿಯನ್ನು ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಎಂದಿನಂತೆ, "ಊಟ ಎಷ್ಟೊತ್ತಿಗೋ ಹಾಗಾದ್ರೆ?" ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಜೆ ಕಾಲೇಜಾ?" ಅಂತ ಕೇಳಿದರು. ಆ ದನಿ ನನಗೆ ಗೊತ್ತು. ಅಪ್ಪ ಐ.ಟಿ.ಐ. ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಮದುವೆಗೆ ಮುಂಚೆ ಸಂಜೆ ಡಿಪ್ಲೊಮಾ ಸೇರಿದ್ದರು. ಎರಡನೇ ವರ್ಷದಲ್ಲಿ ಕಾರ್ಖಾನೆಯವರು ಸೆಕೆಂಡ್ ಶಿಫ್ಟಿಗೆ ಹಾಕಿದರು, ಅಲ್ಲಿಗೆ ಓದು ಮುಗಿಯಿತು. ಅವರ ಮಿನಿ ಡ್ರಾಫ್ಟರ್ ನಮ್ಮ ಮನೆ ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಬಹಳ ವರ್ಷ ಇತ್ತು. ನಾನು ಬಿ.ಇ. ಸೇರಿದಾಗ ಅದನ್ನು ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ಕೊಟ್ಟರು. ನಮಗೆ ಡ್ರಾಯಿಂಗ್ ಕಂಪ್ಯೂಟರಿನಲ್ಲಿ ಅಂತ ಹೇಳೋಕೆ ನನಗೆ ಒಂದು ವಾರ ಬೇಕಾಯ್ತು.

ಇರಲಿ. ಮೊದಲ ವಾರ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬ ಅಕೌಂಟೆಂಟು, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಒಬ್ಬ ನರ್ಸು, ಇವರನ್ನೆಲ್ಲ ನೋಡಿದ ಮೇಲೆ ಈ ಕಾಲೇಜಿನ ಪೂರ್ವಾಪರ ತಿಳಿಯೋಣ ಅಂತ ಕೆದಕಲು ಶುರು ಮಾಡಿದೆ. ಅಸೈನ್‌ಮೆಂಟ್ ಮಾಡಬೇಕಾದ ಹೊತ್ತಿನಲ್ಲಿ ಮಾಡುವ ಇಂಥ ಕೆಲಸದಲ್ಲಿ ಇರುವ ಸುಖವೇ ಬೇರೆ. ಕೆದಕುತ್ತಾ ಹೋದಂತೆ ಸಿಕ್ಕಿದ್ದನ್ನು ನಿಮ್ಮ ತಲೆಗೂ ಸ್ವಲ್ಪ ತಿನ್ನಿಸುತ್ತೇನೆ.

ಕಥೆ ಶುರುವಾಗುವುದು ಲಂಡನ್ನಿನಲ್ಲಲ್ಲ, ಗ್ಲಾಸ್ಗೋದಲ್ಲಿ, ಅದೂ ಒಂದು ತಗಡಿನ ಕೆಲಸದ ಅಂಗಡಿಯಲ್ಲಿ. ಜಾರ್ಜ್ ಬರ್ಕ್‌ಬೆಕ್ ಅನ್ನುವ ಯುವ ವೈದ್ಯ ಅಲ್ಲಿನ ಆಂಡರ್ಸನ್ಸ್ ಇನ್ಸ್ಟಿಟ್ಯೂಷನ್ನಿನಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ. ಪಾಠಕ್ಕೆ ಒಂದು ಪಂಪಿನ ಮಾದರಿ ಬೇಕಾಗಿತ್ತು. ಮಾಡಿಸಲು ಹೋದರೆ ಅಂಗಡಿಯ ಕೆಲಸಗಾರರೆಲ್ಲ ಸುತ್ತ ನೆರೆದು ಇದೇನು, ಹೇಗೆ ಕೆಲಸ ಮಾಡುತ್ತೆ, ಯಾಕೆ ಹೀಗೆ ಅಂತ ಪ್ರಶ್ನೆಗಳ ಮಳೆ ಸುರಿಸಿದರು. ದಿನವಿಡೀ ಕೈಯಲ್ಲಿ ಯಂತ್ರ ಮಾಡುವವರಿಗೆ ಅದರ ಹಿಂದಿನ ವಿಜ್ಞಾನ ಹೇಳುವವರು ಯಾರೂ ಇರಲಿಲ್ಲ. 1800ರಲ್ಲಿ ಬರ್ಕ್‌ಬೆಕ್ ಅವರಿಗಾಗಿಯೇ ಬಿಟ್ಟಿ ಉಪನ್ಯಾಸಗಳನ್ನು ಶುರು ಮಾಡಿದ. ಮೊದಲ ದಿನ ಬಂದವರು 75 ಜನ, ನಾಲ್ಕನೇ ಉಪನ್ಯಾಸಕ್ಕೆ 500.

ಆಮೇಲೆ ಆತ ಲಂಡನ್ನಿಗೆ ಬಂದು ಡಾಕ್ಟರಿಕೆ ಹಿಡಿದ. 1823ರಲ್ಲಿ 'ಮೆಕ್ಯಾನಿಕ್ಸ್ ಮ್ಯಾಗಜಿನ್' ಅನ್ನುವ ಪತ್ರಿಕೆಯ ರಾಬರ್ಟ್‌ಸನ್ ಮತ್ತು ಹಾಡ್ಜ್‌ಸ್ಕಿನ್, ಲಂಡನ್ನಿನಲ್ಲೂ ಕೆಲಸಗಾರರಿಗೊಂದು ಶಾಲೆ ಬೇಕು ಅಂತ ಕರೆ ಕೊಟ್ಟರು. ಅದೇ ವರ್ಷ ನವೆಂಬರ್ 11ರಂದು ಸ್ಟ್ರ್ಯಾಂಡ್ ರಸ್ತೆಯ ಕ್ರೌನ್ ಅಂಡ್ ಆಂಕರ್ ಅನ್ನುವ ಹೆಂಡದಂಗಡಿಯಲ್ಲಿ ಸಭೆ. ಬಂದವರು ಸುಮಾರು 2000 ಮಂದಿ! ಡಿಸೆಂಬರ್ 2ಕ್ಕೆ ಲಂಡನ್ ಮೆಕ್ಯಾನಿಕ್ಸ್ ಇನ್ಸ್ಟಿಟ್ಯೂಷನ್ ಹುಟ್ಟಿಕೊಂಡಿತು. ಮೆಕ್ಯಾನಿಕ್ ಅಂದರೆ ಆಗ ಗ್ಯಾರೇಜಿನವನಲ್ಲ, ಕೈಕಸುಬಿನ ಯಾವ ಕೆಲಸಗಾರನಾದರೂ ಸರಿ. ನಮ್ಮಪ್ಪನಂಥವರು.

ಮೊದಲ ಜಗಳ ಬಂದಿದ್ದೇ ದುಡ್ಡಿನ ವಿಷಯಕ್ಕೆ. ಕೆಲಸಗಾರರ ಶಾಲೆ ಕೆಲಸಗಾರರ ಕಾಸಿನಲ್ಲೇ ನಡೆಯಬೇಕು, ಸಾಹುಕಾರರ ದೇಣಿಗೆ ತಗೊಂಡರೆ ನಾಳೆ ಅವರು ಹೇಳಿದ್ದೇ ಪಾಠ ಆಗುತ್ತೆ ಅನ್ನೋದು ಹಾಡ್ಜ್‌ಸ್ಕಿನ್ ಮತ್ತು ರಾಬರ್ಟ್‌ಸನ್ ವಾದ. ಹಾಗಂತ ಕೂತರೆ ಕಟ್ಟಡವೇ ಏಳಲ್ಲ ಅನ್ನೋದು ಬರ್ಕ್‌ಬೆಕ್ ಕಡೆಯವರದು. ಕೊನೆಗೆ ದೇಣಿಗೆಯೂ ಬಂತು, ಉಪನ್ಯಾಸ ಮಂದಿರ ಕಟ್ಟೋಕೆ ಬರ್ಕ್‌ಬೆಕ್ ಸ್ವಂತ ಜೇಬಿನಿಂದ ದೊಡ್ಡ ಸಾಲವನ್ನೂ ಕೊಟ್ಟ. ಆದರೆ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು ಕೆಲಸಗಾರರೇ ಇರಬೇಕು ಅನ್ನುವ ನಿಯಮವೂ ಉಳಿಯಿತು. ನನಗಂತೂ ಇಬ್ಬರ ಮಾತೂ ಸರಿ ಅನ್ನಿಸುತ್ತೆ. ಕೆಲಸಗಾರರು ಓದಿದರೆ ತಲೆ ತಿರುಗಿ ದಂಗೆ ಏಳುತ್ತಾರೆ ಅಂತ ಹೆದರಿ ವಿರೋಧಿಸಿದ ದೊಡ್ಡ ಮನುಷ್ಯರಿಗೂ ಕೊರತೆ ಇರಲಿಲ್ಲ. 1830ರಲ್ಲಿ ಹೆಂಗಸರಿಗೂ ಪ್ರವೇಶ ಕೊಟ್ಟರು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಆ ಕೆಲಸ ಮಾಡೋಕೆ ಇನ್ನೂ ಹಲವು ದಶಕ ಬೇಕಾಯ್ತು.

ಓದಬಹುದು, ಸರಿ. ಆದರೆ ಡಿಗ್ರಿ? ಅದಕ್ಕೆ ದಾರಿ ಆಗಿದ್ದು 1858ರಲ್ಲಿ. ಎಲ್ಲೇ ಓದಿರಲಿ, ಬಂದು ಪರೀಕ್ಷೆ ಬರೆಯಿರಿ ಅಂತ ಲಂಡನ್ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಇಲ್ಲಿ ನಮಗೂ ಒಂದು ನೆಂಟಸ್ತಿಕೆ ಇದೆ. 1857ರಲ್ಲಿ ಹುಟ್ಟಿದ ಮದರಾಸು, ಬೊಂಬಾಯಿ, ಕಲಕತ್ತಾ ವಿಶ್ವವಿದ್ಯಾಲಯಗಳಿಗೆ ಮಾದರಿ ಇದೇ ಲಂಡನ್ ವಿಶ್ವವಿದ್ಯಾಲಯ. ಪಾಠ ಎಲ್ಲೋ, ಪರೀಕ್ಷೆ ಮಾತ್ರ ಯೂನಿವರ್ಸಿಟಿಯದು. ಇವತ್ತಿಗೂ ನಮ್ಮಲ್ಲಿ ವಿದ್ಯೆ ಅಂದರೆ ಪರೀಕ್ಷೆ ಅಂತ ಆಗಿರುವುದರ ಬೇರು ಅಲ್ಲೇ ಎಲ್ಲೋ ಇದೆ ಅಂತ ನನ್ನ ಗುಮಾನಿ.

ಮುಂದಿನ ಅರವತ್ತು ವರ್ಷ ಬೇಗ ದಾಟಿಬಿಡೋಣ. ಸಂಸ್ಥೆಗೆ ಬರ್ಕ್‌ಬೆಕ್ ಹೆಸರು ಬಂತು, ಹಗಲು ಗುಮಾಸ್ತಿಕೆ ಮಾಡುತ್ತಾ ಇಲ್ಲಿ ಓದಿದ ಸಿಡ್ನಿ ವೆಬ್ ಮುಂದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರಲ್ಲಿ ಒಬ್ಬನಾದ, ಇಲ್ಲಿ ವಿಜ್ಞಾನ ಓದುತ್ತಿದ್ದ ರ್ಯಾಮ್ಸೆ ಮ್ಯಾಕ್‌ಡೊನಾಲ್ಡ್ 1924ರಲ್ಲಿ ಪ್ರಧಾನಿಯಾದ. 1920ರಲ್ಲಿ ಕಾಲೇಜು ಲಂಡನ್ ವಿಶ್ವವಿದ್ಯಾಲಯದ ಒಳಗೇ ಸೇರಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಉಳಿದ ಕಾಲೇಜುಗಳು ಲಂಡನ್ ಬಿಟ್ಟು ಸುರಕ್ಷಿತ ಊರುಗಳಿಗೆ ಹೋದರೂ ಬರ್ಕ್‌ಬೆಕ್ ಹೋಗಲಿಲ್ಲ. ಹೇಗೆ ಹೋಗುತ್ತೆ? ಅದರ ವಿದ್ಯಾರ್ಥಿಗಳ ಕೆಲಸ ಇದ್ದದ್ದು ಲಂಡನ್ನಿನಲ್ಲಿ. ರಾತ್ರಿ ಬಾಂಬ್ ಬೀಳುತ್ತಿದ್ದುದರಿಂದ ಪಾಠಗಳನ್ನು ಶನಿವಾರ, ಭಾನುವಾರದ ಹಗಲಿಗೆ ಹಾಕಿಕೊಂಡರು. 1941ರಲ್ಲಿ ಲೈಬ್ರರಿ ಸುಟ್ಟುಹೋಯಿತು. ಪಾಠ ನಿಲ್ಲಲಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದವರಿಗೆ 'ಬೂತ್ಸ್ ಅಲ್ಗಾರಿದಮ್' ಅಂದರೆ ನೆನಪಾಗಬಹುದು. ಎರಡು ಸಂಖ್ಯೆಗಳನ್ನು ಕಂಪ್ಯೂಟರು ಗುಣಿಸುವ ಒಂದು ಉಪಾಯ. ಕಂಪ್ಯೂಟರಿನ ಲೆಕ್ಕದಲ್ಲಿ 7 ಅಂದರೆ 111, ಸಾಲಾಗಿ ಮೂರು ಒಂದುಗಳು. ಒಂದೊಂದಕ್ಕೂ ಒಂದೊಂದು ಸಲ ಕೂಡಬೇಕು. ಅದರ ಬದಲು 7 ಅಂದರೆ 8ರಲ್ಲಿ 1 ಕಡಿಮೆ ಅಂತ ಇಟ್ಟುಕೊಂಡರೆ? 8ರಿಂದ ಗುಣಿಸುವುದು ಅಂದರೆ ಸಂಖ್ಯೆಯನ್ನು ಮೂರು ಮನೆ ಎಡಕ್ಕೆ ಸರಿಸುವುದು, ಅಷ್ಟೇ. ಆಮೇಲೆ ಒಂದೇ ಸಲ ಕಳೆದರೆ ಆಯ್ತು. ಒಂದುಗಳ ಸಾಲು ಎಷ್ಟೇ ಉದ್ದ ಇರಲಿ, ಒಂದು ಕಳೆಯುವುದು, ಒಂದು ಕೂಡುವುದು, ಮಿಕ್ಕಿದ್ದೆಲ್ಲ ಬರೀ ಸರಿಸುವುದು. ಇದನ್ನು ನಾನು ಹತ್ತು ಮಾರ್ಕಿನ ಆಸೆಗೆ ಬಾಯಿಪಾಠ ಹೊಡೆದಿದ್ದೆ. ಬೂತ್ ಅನ್ನೋದು ಮನುಷ್ಯನ ಹೆಸರು ಅನ್ನುವಷ್ಟೂ ಯೋಚನೆ ಮಾಡಿರಲಿಲ್ಲ.

ಆ ಆಂಡ್ರ್ಯೂ ಬೂತ್ ಇದೇ ಸಂಜೆ ಕಾಲೇಜಿನವರು! ಯುದ್ಧ ಮುಗಿದ ಹೊಸತರಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಜೆ.ಡಿ. ಬರ್ನಾಲ್ ಅವರ ತಂಡಕ್ಕೆ ಬಂದರು. ಬರ್ನಾಲ್ ಅವರ ಪ್ರಯೋಗಾಲಯ ಇದ್ದದ್ದು ಟಾರಿಂಗ್ಟನ್ ಸ್ಕ್ವೇರಿನ ಎರಡು ಹಳೇ ಮನೆಗಳಲ್ಲಿ, ಅವೂ ಬಾಂಬ್ ಬಿದ್ದು ಅರ್ಧಂಬರ್ಧ ಜಖಂ ಆಗಿದ್ದವು. ಎಕ್ಸ್-ರೇ ಹಾಯಿಸಿ ಹರಳುಗಳ ಒಳರಚನೆ ಕಂಡುಹಿಡಿಯುವ ಕೆಲಸ ಅವರದು. ಅದಕ್ಕೆ ಬೇಕಾದ ಲೆಕ್ಕ ಎಷ್ಟಿತ್ತೆಂದರೆ ಕೈಯಲ್ಲಿ ಮಾಡುತ್ತಾ ಕೂತರೆ ಆಯುಷ್ಯ ಸಾಲದು. ಸರಿ, ಲೆಕ್ಕದ ಯಂತ್ರವನ್ನೇ ಕಟ್ಟೋಣ ಅಂತ ಬೂತ್ ಹೊರಟರು. ಜೊತೆಗೆ ಕ್ಯಾಥ್ಲೀನ್ ಬ್ರಿಟನ್, 1950ರಲ್ಲಿ ಬೂತ್ ಅವರನ್ನು ಮದುವೆಯಾದ ಗಣಿತಜ್ಞೆ. 1947ರಲ್ಲಿ ಇಬ್ಬರೂ ಅಮೆರಿಕದ ಪ್ರಿನ್ಸ್‌ಟನ್ನಿಗೆ ಹೋಗಿ ಫಾನ್ ನಾಯ್ಮನ್ ಅವರ ಗುಂಪಿನ ಜೊತೆ ಕೆಲವು ತಿಂಗಳು ಕಳೆದು ಬಂದರು. ಅಸೆಂಬ್ಲಿ ಲ್ಯಾಂಗ್ವೇಜಿನ ಮೊದಲ ರೂಪ ಕ್ಯಾಥ್ಲೀನ್ ಆಗ ತಮ್ಮ ಯಂತ್ರಕ್ಕೆ ಬರೆದ ಸಂಕೇತಗಳಲ್ಲೇ ಇದೆ ಅಂತ ಈಗ ಹೇಳುತ್ತಾರೆ. 2022ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ತೀರಿಕೊಂಡರು.

ದುಡ್ಡು ಮಾತ್ರ ಇರಲಿಲ್ಲ. ಕೇಂಬ್ರಿಡ್ಜು, ಮ್ಯಾಂಚೆಸ್ಟರುಗಳಲ್ಲಿ ದೊಡ್ಡ ತಂಡಗಳು ದೊಡ್ಡ ಯಂತ್ರ ಕಟ್ಟುತ್ತಿದ್ದಾಗ ಇವರದು ಮನೆವಾರ್ತೆ ಲೆಕ್ಕ. ಮಾಹಿತಿ ಉಳಿಸಿಡೋಕೆ ಬೂತ್ ಮೊದಲು ಕಾಂತೀಯ ಲೇಪ ಇದ್ದ ಕಾಗದದ ತಟ್ಟೆಯನ್ನು ಗಿರ್ರನೆ ತಿರುಗಿಸಿ ನೋಡಿದರು. ಅದು ಪಟಪಟ ಬಡಿದುಕೊಂಡು ಕೈಕೊಟ್ಟಿತು. ಇದಾಗಿ ಇಪ್ಪತ್ತು ವರ್ಷದ ಮೇಲೆ ಬಂದ ಫ್ಲಾಪಿಯ ಮುತ್ತಾತ ಅನ್ನಬಹುದು. ಆಮೇಲೆ ಲೋಹದ ಪುಟ್ಟ ಉರುಳೆಗೆ ನಿಕ್ಕಲ್ ಲೇಪಿಸಿ ಡ್ರಮ್ ಮೆಮೊರಿ ಮಾಡಿದರು. ಎರಡು ಇಂಚು ವ್ಯಾಸದ್ದು, ಅದು ಕೆಲಸ ಮಾಡಿತು. ಗುಣಾಕಾರದ ಆ ಉಪಾಯ ಹೊಳೆದದ್ದೂ ಇಂಥದೇ ಬಡತನದಲ್ಲಿ, 1950ರ ಸುಮಾರಿಗೆ. ಕೂಡುವುದಕ್ಕಿಂತ ಸರಿಸುವುದು ಬೇಗ ಆಗುತ್ತಿದ್ದ ಯಂತ್ರಗಳಲ್ಲಿ ಕೂಡುವುದನ್ನು ಎಷ್ಟು ಉಳಿಸಿದರೆ ಅಷ್ಟು ಲಾಭ.

1951ರಲ್ಲಿ ಬ್ರಿಟಿಷ್ ಟ್ಯಾಬುಲೇಟಿಂಗ್ ಮಷಿನ್ ಕಂಪನಿಯ ರೇಮಂಡ್ ಬರ್ಡ್ ಮತ್ತು ಜೊತೆಗಾರರು, ಫೆನ್ನಿ ಕಾಂಪ್ಟನ್ ಅನ್ನುವ ಹಳ್ಳಿಯಲ್ಲಿ ಬೂತ್ ಯಂತ್ರ ಕಟ್ಟುತ್ತಿದ್ದ ಜಾಗಕ್ಕೆ ಬಂದು, ಕೆಲವೇ ದಿನಗಳಲ್ಲಿ ಸರ್ಕ್ಯೂಟುಗಳನ್ನೆಲ್ಲ ನಕಲು ಮಾಡಿಕೊಂಡು ಹೋದರು. ಅದರಿಂದ ಆ ಕಂಪನಿಯ ಎಚ್.ಇ.ಸಿ. ಸಾಲಿನ ಕಂಪ್ಯೂಟರುಗಳು ಹುಟ್ಟಿದವು. ಅದರಲ್ಲೊಂದು, ಎಚ್.ಇ.ಸಿ. 2ಎಂ, ಹಡಗು ಹತ್ತಿ 1955ರಲ್ಲಿ ಬಂದಿಳಿದದ್ದು ಎಲ್ಲಿಗೆ ಗೊತ್ತಾ? ಕಲಕತ್ತೆಗೆ, ಮಹಾಲನೋಬಿಸ್ ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್ಟಿಟ್ಯೂಟಿಗೆ. ಭಾರತದ ಮೊಟ್ಟಮೊದಲ ಡಿಜಿಟಲ್ ಕಂಪ್ಯೂಟರ್ ಅದೇ. ಇದನ್ನು ಓದಿದ ರಾತ್ರಿ ನಾನು ಲೈಬ್ರರಿಯಲ್ಲಿ ಒಬ್ಬನೇ ಜೋರಾಗಿ "ಅಯ್ಯೋ ಶಿವನೇ" ಅಂದುಬಿಟ್ಟೆ, ಎದುರಿಗಿದ್ದಾಕೆ ದುರುಗುಟ್ಟಿ ನೋಡಿದಳು.

1957ರಲ್ಲಿ ಕಾಲೇಜಿನಲ್ಲಿ 'ನ್ಯೂಮೆರಿಕಲ್ ಆಟೊಮೇಷನ್' ಅನ್ನುವ ವಿಭಾಗ ಶುರುವಾಯಿತು, ಬೂತ್ ಅದರ ಮುಖ್ಯಸ್ಥ. ನಾನು ಈಗ ಓದುತ್ತಿರುವುದು ಅದರ ಮೊಮ್ಮಗನಂಥ ವಿಭಾಗದಲ್ಲಿ. ಆದರೆ ಪ್ರೊಫೆಸರ್ ಹುದ್ದೆ ಅವರಿಗೆ ಸಿಗಲಿಲ್ಲ. 1962ರಲ್ಲಿ ಗಂಡ ಹೆಂಡತಿ ಇಬ್ಬರೂ ಬಿಟ್ಟು ಕೆನಡಾಕ್ಕೆ ಹೋದರು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಲಂಡನ್ನಿಗೂ ಅನ್ವಯಿಸುತ್ತೆ ಅಂತ ಕಾಣುತ್ತೆ.

ಇಷ್ಟೆಲ್ಲ ಇದ್ದೂ ದುಡಿಯುತ್ತಾ ಓದುವವರ ಪಾಡು ಯಾವತ್ತೂ ಕೊನೇ ಪಂಕ್ತಿಯದೇ. ಈಗಾಗಲೇ ಡಿಗ್ರಿ ಇದ್ದು ಅದೇ ಮಟ್ಟದ ಇನ್ನೊಂದನ್ನು ಓದುವವರಿಗೆ ಹಣ ಕೊಡುವುದಿಲ್ಲ ಅಂತ 2007ರಲ್ಲಿ ಇಲ್ಲಿನ ಸರ್ಕಾರ ತೀರ್ಮಾನಿಸಿತು. ದಾರಿ ಬದಲಿಸಲು ಓದುವವರೇ ತುಂಬಿದ್ದ ಬರ್ಕ್‌ಬೆಕ್ಕಿಗೆ, ಓಪನ್ ಯೂನಿವರ್ಸಿಟಿಗೆ ಹೆಚ್ಚು ಪೆಟ್ಟು ಬಿತ್ತು. 2012ರಲ್ಲಿ ಫೀಸು ಏರಿತು, ಇಂಗ್ಲೆಂಡಿನಲ್ಲಿ ಪಾರ್ಟ್‌ಟೈಮ್ ವಿದ್ಯಾರ್ಥಿಗಳ ಸಂಖ್ಯೆ ದಬದಬ ಇಳಿಯಿತು. ಹದಿನೆಂಟರ ಹುಡುಗನ ಓದಿಗೆ ಸಾಲ ಮಾಡುವ ಧೈರ್ಯ ಇರುತ್ತೆ. ಮನೆ ಕಂತು, ಮಕ್ಕಳ ಫೀಸು ಕಟ್ಟುವವನು ಮೊದಲು ಬಿಡುವುದು ತನ್ನ ಓದನ್ನೇ. ನಮ್ಮ ಕ್ಲಾಸಿನಲ್ಲೂ ಅಕ್ಟೋಬರಿನಲ್ಲಿ ಕಂಡ ಕೆಲವು ಮುಖಗಳು ಜನವರಿಯಲ್ಲಿ ಕಾಣಲಿಲ್ಲ. ಆ ನರ್ಸ್ ಕೂಡ ಬರುತ್ತಿಲ್ಲ. ಶಿಫ್ಟ್ ಬದಲಾಯಿತಂತೆ.

ಹೋದ ಭಾನುವಾರ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ತಗಡಿನ ಅಂಗಡಿ ಕಥೆ ಕೇಳಿ ಖುಷಿಯಾದರು, ಪಂಪು ಯಾವ ಥರದ್ದು ಅಂತ ವಿಚಾರಿಸಿದರು. ನರ್ಸ್ ವಿಷಯಕ್ಕೆ ಏನೂ ಹೇಳಲಿಲ್ಲ. ಬೂತ್ ಅವರ ಲೆಕ್ಕ ಏನು ಅಂತ ಕೇಳಿದರು. 7 ಅಂದರೆ 8ರಲ್ಲಿ 1 ಕಡಿಮೆ ಅಂತ ವಿವರಿಸುತ್ತಿದ್ದೆ, ಮಧ್ಯದಲ್ಲೇ ತಡೆದರು.

"99 ರೂಪಾಯಿದು ಏಳು ಟವೆಲ್ ತಗೊಂಡ್ರೆ ಅಂಗಡಿಯವನು ಏನ್ ಮಾಡ್ತಾನೋ? 700 ಅಂತಾನೆ, ಏಳು ಕಳೀತಾನೆ. ಇದಕ್ಕೆ ಎಂ.ಎಸ್ಸಿ. ಬೇಕಾ?"

ಮತ್ತೆ ತಾವೇ, "ಗುರುವಾರ ಏನು ಪಾಠ ಮಾಡಿದ್ರು ಹೇಳು," ಅಂದರು.