ಆರನೆಯ ಪದ

ತುವಾಲು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವಾದದ್ದು 2000ದ ಸೆಪ್ಟೆಂಬರ್ 5ರಂದು. ಹೆಣ್ಣುಮಕ್ಕಳ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆದುಹಾಕುವ ಒಡಂಬಡಿಕೆಗೆ, ಚುಟುಕಾಗಿ ಸೀಡಾ ಎನ್ನುವುದಕ್ಕೆ, ಅದು ಸೇರಿದ್ದು 1999ರ ಅಕ್ಟೋಬರ್ 6ರಂದು. ಎರಡೂ ದಿನಾಂಕಗಳನ್ನು ಬರೆದುಕೊಂಡ ಮೇಲೆ ಎಲ್ಲೋ ಅದಲುಬದಲಾಗಿದೆ ಅನಿಸಿ ಮತ್ತೆ ನೋಡಿದೆ. ತಪ್ಪಿರಲಿಲ್ಲ. ಮನೆಯ ಹೊಸ್ತಿಲು ದಾಟುವ ಮೊದಲೇ ಆ ಪುಟ್ಟ ದೇಶ ಹೆಣ್ಣುಮಕ್ಕಳ ವಿಷಯದಲ್ಲಿ ಮಾತು ಕೊಟ್ಟಿತ್ತು.

ಪುಟ್ಟದೆಂದರೆ ಎಷ್ಟು ಪುಟ್ಟದು? ಒಂಬತ್ತು ದ್ವೀಪ, ಒಟ್ಟು 26 ಚದರ ಕಿಲೋಮೀಟರ್ ನೆಲ, ಸುಮಾರು 11,000 ಜನ. ನಮ್ಮ ಒಂದು ದೊಡ್ಡ ಹೋಬಳಿ ಊರಿನಷ್ಟು ಜನ ಪೆಸಿಫಿಕ್ ಸಾಗರದ ನಡುವೆ ಒಂದು ರಾಷ್ಟ್ರವಾಗಿ ನಿಂತಿದ್ದಾರೆ. ತುವಾಲು ಎಂಬ ಹೆಸರಿನ ಅರ್ಥವೇ ‘ಒಟ್ಟಾಗಿ ನಿಂತ ಎಂಟು’ ಎಂದು. ಒಂಬತ್ತು ದ್ವೀಪಗಳಲ್ಲಿ ಹಿಂದಿನಿಂದಲೂ ಜನವಸತಿ ಇದ್ದದ್ದು ಎಂಟರಲ್ಲಿ.

ಅಂತಾರಾಷ್ಟ್ರೀಯ ಒಡಂಬಡಿಕೆಗಳು ಕಾಗದದಿಂದ ಇಳಿದು ಒಂದು ಅಡುಗೆಮನೆಯನ್ನೋ ಒಂದು ಹೊಲವನ್ನೋ ಹೇಗೆ ತಲುಪುತ್ತವೆ ಎಂಬುದು ಬಹಳ ವರ್ಷಗಳಿಂದ ನನ್ನನ್ನು ಕಾಡುತ್ತ ಬಂದ ಪ್ರಶ್ನೆ. ದೊಡ್ಡ ದೇಶಗಳಲ್ಲಿ ಈ ದಾರಿ ಹಿಡಿದು ಹೊರಟರೆ ಕಡತಗಳ ಕಾಡಿನಲ್ಲಿ ಕಳೆದುಹೋಗುತ್ತೇವೆ. ದ್ವೀಪ ರಾಷ್ಟ್ರಗಳಲ್ಲಿ ಹಾಗಲ್ಲ. ಕಾನೂನುಗಳು ಕೆಲವೇ, ತೀರ್ಪುಗಳು ಇನ್ನೂ ಕಡಿಮೆ. ಒಂದು ಪದ ಎಲ್ಲಿಂದ ಹೊರಟು ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದಕ್ಕೇ ಅಲ್ಲಿಗೆ ಹೋದೆ. ಹೋದದ್ದು ದಾಖಲೆಗಳ ಮೂಲಕ ಮಾತ್ರ. ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯಿದೆ. ಅಲ್ಲಿಯವರು ಹತ್ತಾರು ದ್ವೀಪಗಳ ಶಾಸನ, ತೀರ್ಪುಗಳನ್ನು ಒಂದೆಡೆ ಕೂಡಿಸಿ ಯಾರು ಬೇಕಾದರೂ ಓದುವಂತೆ ಇಟ್ಟಿದ್ದಾರೆ. ಇಲ್ಲಿ ಕುಳಿತು ಓದುವ ನನ್ನಂಥವರು ಅವರಿಗೆ ಎಷ್ಟು ಋಣಿಯಾಗಿದ್ದರೂ ಸಾಲದು.

ಮೊದಲು ನೋಡಿದ್ದು ಒಡಂಬಡಿಕೆಗೆ ಸೇರುವಾಗ ದೇಶಗಳು ಹಾಕಿದ ಷರತ್ತುಗಳ ಪಟ್ಟಿ. ಫಿಜಿ 1995ರಲ್ಲಿ ಸೇರುವಾಗ ಎರಡು ವಿಧಿಗಳಿಗೆ ಷರತ್ತು ಹಾಕಿ, 2000ದಲ್ಲಿ ಅವನ್ನು ಹಿಂತೆಗೆದುಕೊಂಡಿತ್ತು. ನಮ್ಮ ಭಾರತವೂ 1993ರಲ್ಲಿ ತನ್ನದೇ ಕೆಲವು ಘೋಷಣೆಗಳೊಂದಿಗೇ ಸೇರಿದ್ದು. ತುವಾಲುವಿನ ಹೆಸರಿನಡಿ ಏನೂ ಇರಲಿಲ್ಲ. ಷರತ್ತಿಲ್ಲ, ವಿವರಣೆಯಿಲ್ಲ, ‘ನಮ್ಮ ಸಂಪ್ರದಾಯಕ್ಕೆ ಒಳಪಟ್ಟು’ ಎಂಬ ಮಾತೂ ಇಲ್ಲ. ಮೂವತ್ತು ವಿಧಿಗಳಿಗೂ ತುಂಬು ಒಪ್ಪಿಗೆ. ಆ ಖಾಲಿ ಜಾಗ ನೋಡಿ ನನಗೆ ಸಂತೋಷವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಸೇರಿದ ಒಂದು ವರ್ಷದೊಳಗೆ ಮೊದಲ ವರದಿ ಕೊಡಬೇಕೆಂಬುದು ನಿಯಮ. ತುವಾಲುವಿನ ಮೊದಲ ವರದಿ ಮತ್ತು ಎರಡನೆಯದು ಒಟ್ಟಾಗಿ 2008ರಲ್ಲಿ ಬಂದವು. 2009ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ 23 ತಜ್ಞರ ಸಮಿತಿಯ ಮುಂದೆ ಅವುಗಳ ಚರ್ಚೆ ನಡೆಯಿತು. ಈ ತಡವನ್ನು ಉದಾಸೀನವೆಂದು ತೀರ್ಮಾನಿಸುವುದು ಸುಲಭ. ನಾನು ಹಾಗೆ ಮಾಡಲಾರೆ. ದೊಡ್ಡ ದೇಶಗಳಿಗಿರುವ ವರದಿಯ ನಮೂನೆಯೇ ಈ ಹನ್ನೊಂದು ಸಾವಿರ ಜನರ ದೇಶಕ್ಕೂ ಇದೆ. ಅಲ್ಲಿ ಮಕ್ಕಳ ಹಕ್ಕಿನ ವರದಿ, ಹವಾಮಾನದ ವರದಿ, ಮೀನುಗಾರಿಕೆಯ ವರದಿ ಎಲ್ಲವೂ ಬೆರಳೆಣಿಕೆಯ ನೌಕರರ ಮೇಜಿನ ಮೇಲೇ ಬಂದು ಬೀಳುತ್ತವೆ.

ವರದಿಯಿಂದ ತೀರ್ಪುಗಳ ಕಡೆ ಹೊರಳಿದಾಗ ಹುಡುಕಾಟದ ದಿಕ್ಕೇ ಬದಲಾಯಿತು. 2005ರದೊಂದು ತೀರ್ಪು. ಬರೆದವರು ತುವಾಲುವಿನ ಮುಖ್ಯ ನ್ಯಾಯಮೂರ್ತಿ ಗಾರ್ಡನ್ ವಾರ್ಡ್. ಮದುವೆಯಾಗದ ತಂದೆ-ತಾಯಿಯ ಮಗು ಯಾರ ಹತ್ತಿರ ಇರಬೇಕು ಎಂಬುದು ವಿವಾದ. ಆ ತಾಯಿಯ ಹೆಸರು ಇಲ್ಲಿ ಬೇಡ.

ವಿಷಯ ಮಗುವಿನದು, ಆದರೆ ಕಾನೂನು ಭೂಮಿಯದು. ಅಲ್ಲಿಯ ಸ್ಥಳೀಯ ಜಮೀನು ಕಾಯಿದೆಯ 20ನೆಯ ಕಲಮಿನ ಪ್ರಕಾರ, ಮದುವೆಯಾಗದ ಹೆಣ್ಣಿನ ಮಗುವನ್ನು ತುವಾಲುವಿನ ಗಂಡಸೊಬ್ಬ ತನ್ನದೆಂದು ಒಪ್ಪಿಕೊಂಡರೆ, ಎರಡು ವರ್ಷ ತುಂಬಿದ ಮೇಲೆ ಆ ಮಗು ತಂದೆಯ ಬಳಿಯೋ ಅವನ ಬಂಧುಗಳ ಬಳಿಯೋ ಇರಬೇಕು. ಅವನ ಜಮೀನಿನಲ್ಲಿ ಅದಕ್ಕೆ ಪಾಲು ಸಿಗುತ್ತದೆ. ಇಪ್ಪತ್ತಾರು ಚದರ ಕಿಲೋಮೀಟರ್ ನೆಲವಿರುವ ದೇಶದಲ್ಲಿ ಮಗುವಿಗೆ ನೆಲ ಸಿಗುವಂತೆ ಮಾಡುವುದು ದೊಡ್ಡ ಕಾಳಜಿಯೇ. ಮಗು ಅನಾಥವಾಗಬಾರದೆಂಬ ಹಿರಿಯರ ಲೆಕ್ಕಾಚಾರ ಅದರಲ್ಲಿ ಕಾಣುತ್ತದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಕಲಮಿನಲ್ಲಿ ತಾಯಿ ಎಲ್ಲಿದ್ದಾಳೆ? ಎರಡು ವರ್ಷ ಎದೆಹಾಲು ಕುಡಿಸುವ ತನಕ ಮಾತ್ರ ಇದ್ದಾಳೆ.

ಸೀಡಾದ 16ನೆಯ ವಿಧಿ ಇದಕ್ಕೆ ನೇರ ಎದುರು. ಮದುವೆಯಾಗಿರಲಿ ಬಿಡಲಿ, ಮಕ್ಕಳ ವಿಷಯದಲ್ಲಿ ತಂದೆ-ತಾಯಿಗೆ ಸಮಾನ ಹಕ್ಕು ಮತ್ತು ಹೊಣೆ, ಎಲ್ಲದಕ್ಕಿಂತ ಮೇಲೆ ಮಗುವಿನ ಹಿತ ಎಂದು ಅದು ಹೇಳುತ್ತದೆ. ಯಾವ ಷರತ್ತೂ ಹಾಕದೆ ತುವಾಲು ಒಪ್ಪಿದ ವಿಧಿ ಇದೇ. ತಾಯಿಯ ಪರ ವಕೀಲರು ಈ ಒಡಂಬಡಿಕೆಯನ್ನೂ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನೂ ಸಂವಿಧಾನವನ್ನೂ ಮುಂದಿಟ್ಟರು.

ಅದು ಸಾಲಲಿಲ್ಲ. ಕಾರಣ ಅರ್ಥವಾಗಬೇಕಾದರೆ ಒಂದು ಹಳೆಯ ಜಿಜ್ಞಾಸೆಯನ್ನು ತಿಳಿಯಬೇಕು. ನಮ್ಮಲ್ಲಿ ದ್ವೈತ, ಅದ್ವೈತ ಎಂದಾಗ ಉಡುಪಿ, ಶೃಂಗೇರಿ ನೆನಪಾಗುತ್ತವೆ. ಅಂತಾರಾಷ್ಟ್ರೀಯ ಕಾನೂನಿನಲ್ಲೂ ಇಂಥದೇ ಎರಡು ಮತಗಳಿವೆ. ಒಡಂಬಡಿಕೆಗೆ ಸೇರಿದ ಕ್ಷಣವೇ ಅದು ದೇಶದ ಕಾನೂನಾಗುತ್ತದೆ ಎನ್ನುವುದು ಒಂದು, ಅದು ಅದ್ವೈತ. ಒಡಂಬಡಿಕೆ ಬೇರೆ, ದೇಶದ ಕಾನೂನು ಬೇರೆ, ಸಂಸತ್ತು ಕಾಯಿದೆ ಮಾಡುವ ತನಕ ಒಡಂಬಡಿಕೆ ಕೋರ್ಟಿನ ಬಾಗಿಲ ಹೊರಗೇ ನಿಂತಿರುತ್ತದೆ ಎನ್ನುವುದು ಇನ್ನೊಂದು, ಅದು ದ್ವೈತ. ಬ್ರಿಟಿಷರು ಆಳಿಹೋದ ಬಹುತೇಕ ಕಡೆ ನಡೆಯುವುದು ಎರಡನೆಯದು. ತುವಾಲುವಿನಲ್ಲಿ ಒಂದು ಕಿಂಡಿಯಂತೂ ಇತ್ತು. ಕಾಯಿದೆಯ ಮಾತಿಗೆ ಎರಡು ಅರ್ಥ ಸಾಧ್ಯವಿದ್ದರೆ ದೇಶದ ಅಂತಾರಾಷ್ಟ್ರೀಯ ಬಾಧ್ಯತೆಗೆ ಹೊಂದುವ ಅರ್ಥವನ್ನೇ ಹಿಡಿಯಬೇಕೆಂದು ಅಲ್ಲಿಯ ಕಾನೂನೇ ಹೇಳುತ್ತದೆ. ಆದರೆ ಜಮೀನು ಕಾಯಿದೆಯ ಮಾತಿಗೆ ಎರಡನೆಯ ಅರ್ಥವೇ ಹೊರಡುತ್ತಿರಲಿಲ್ಲ. ಅದು ಅಷ್ಟು ಸ್ಪಷ್ಟವಾಗಿತ್ತು.

ಉಳಿದದ್ದು ಸಂವಿಧಾನ. ತುವಾಲುವಿನ 1986ರ ಸಂವಿಧಾನದ 27ನೆಯ ಕಲಮು ತಾರತಮ್ಯ ಎಂದರೇನೆಂದು ಪಟ್ಟಿ ಕೊಡುತ್ತದೆ: ಜನಾಂಗ, ಮೂಲಸ್ಥಳ, ರಾಜಕೀಯ ಅಭಿಪ್ರಾಯ, ಬಣ್ಣ, ಧಾರ್ಮಿಕ ನಂಬಿಕೆ ಅಥವಾ ನಂಬಿಕೆ ಇಲ್ಲದಿರುವುದು. ಪಟ್ಟಿ ಅಲ್ಲಿಗೆ ಮುಗಿಯಿತು. ಲಿಂಗ ಎಂಬ ಪದ ಅದರಲ್ಲಿಲ್ಲ. ಕೈಬಿಟ್ಟದ್ದು ಉದ್ದೇಶಪೂರ್ವಕವೇ ಇರಬೇಕೆಂದು ನ್ಯಾಯಮೂರ್ತಿಗಳು ಓದಿಕೊಂಡರು. ಹೆಣ್ಣೆಂಬ ಕಾರಣಕ್ಕೆ ತೋರುವ ತಾರತಮ್ಯಕ್ಕೆ ಆ ಸಂವಿಧಾನದಡಿ ತಾರತಮ್ಯವೆಂಬ ಹೆಸರೇ ಇರಲಿಲ್ಲ.

ಅಂದು ಸಂಜೆ ಪುಸ್ತಕ ಮುಚ್ಚಿಟ್ಟೆ. ಮರುದಿನ ಅದೇ ಸಂವಿಧಾನವನ್ನು ಮೊದಲಿಂದ ಓದತೊಡಗಿದೆ. 11ನೆಯ ಕಲಮಿಗೆ ಬಂದಾಗ ಕೈ ನಿಂತಿತು. ಮೂಲಭೂತ ಸ್ವಾತಂತ್ರ್ಯಗಳನ್ನು ಘೋಷಿಸುವ ಕಲಮು ಅದು. ಜನಾಂಗ, ಮೂಲಸ್ಥಳ, ರಾಜಕೀಯ ಅಭಿಪ್ರಾಯ, ಬಣ್ಣ, ಧಾರ್ಮಿಕ ನಂಬಿಕೆ ಯಾವುದೇ ಇರಲಿ ಎಂದು ಅದೇ ಐದನ್ನು ಹೇಳಿ, ಕೊನೆಗೆ ಆರನೆಯದಾಗಿ ಲಿಂಗ ಎಂದೂ ಸೇರಿಸುತ್ತದೆ. ಪದ ಅಲ್ಲಿದೆ! ಮುಂಬಾಗಿಲಲ್ಲಿ ಬರೆದಿದೆ, ಒಳಮನೆಯಲ್ಲಿ ಅಳಿಸಿದೆ. ಇಂಗ್ಲಿಷ್ ಪಠ್ಯ ಅಲ್ಲಿ ಎಲ್ಲ ವ್ಯಕ್ತಿಗಳನ್ನೂ ‘ಅವನು’ ಎಂದೇ ಕರೆಯುತ್ತದೆ. ‘ಅವನ ಲಿಂಗ ಯಾವುದೇ ಇರಲಿ’ ಎಂಬ ಅರ್ಥದ ಮಾತು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮನುಷ್ಯರು’ ಎಂದು ಮಾಡಿಸಲು ನಮ್ಮ ಹಂಸಾ ಮೆಹ್ತಾ ಯಾಕೆ ಅಷ್ಟು ಹಟ ಹಿಡಿದರೆಂಬುದು ನನಗೆ ಆ ಹೊತ್ತಿನಲ್ಲಿ ನಿಜವಾಗಿ ಅರ್ಥವಾಯಿತು.

ಒಂದೇ ದಾಖಲೆಯಲ್ಲಿ ಆರು ಮತ್ತು ಐದು. ಇದನ್ನು ತುವಾಲುವಿನವರೇ ಮಾಡಿದ್ದೇ? ಅನುಮಾನ ಬಂದು ನೆರೆಯ ಕಿರಿಬಾಟಿಯ ಸಂವಿಧಾನ ತೆಗೆದೆ. ಒಂದು ಕಾಲಕ್ಕೆ ಎರಡೂ ಸೇರಿ ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳೆಂಬ ಒಂದೇ ಬ್ರಿಟಿಷ್ ವಸಾಹತು. ಕಿರಿಬಾಟಿಯ 3ನೆಯ ಕಲಮಿನಲ್ಲಿ ಲಿಂಗ ಇದೆ, 15ನೆಯ ಕಲಮಿನ ತಾರತಮ್ಯದ ಪಟ್ಟಿಯಲ್ಲಿ ಇಲ್ಲ. ಆಮೇಲೆ ಸಾವಿರಾರು ಮೈಲಿ ದೂರದ, ಸಮುದ್ರವೇ ಇಲ್ಲದ ಬೋಟ್ಸ್ವಾನಾದ 1966ರ ಸಂವಿಧಾನ ತೆಗೆದೆ. 3ನೆಯ ಕಲಮಿನಲ್ಲಿ ಇದೆ, 15ರಲ್ಲಿ ಇಲ್ಲ. ಕಲಮಿನ ಸಂಖ್ಯೆಗಳು ಸಹ ಅವೇ! ಪದಗಳ ಸರಣಿಯೂ ಹೆಚ್ಚುಕಡಿಮೆ ಅದೇ. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ವಸಾಹತುಗಳಿಗೆ ಸ್ವಾತಂತ್ರ್ಯ ಕೊಡುವಾಗ ಲಂಡನ್ನಿನಲ್ಲಿ ಬಳಸಿದ ಒಂದೇ ಅಚ್ಚು ಇದು. ಹೆಂಗಸರ ವಿಷಯ ಬಂದಾಗ ‘ಅದು ದ್ವೀಪದವರ ಸಂಪ್ರದಾಯ’ ಎಂದು ಕೈತೊಳೆದುಕೊಳ್ಳುವ ಬರಹಗಳನ್ನು ಎಷ್ಟೋ ಓದಿದ್ದೇನೆ. ಈ ಬಿಟ್ಟ ಪದದ ಮೂಲ ಯಾವ ತೆಂಗಿನ ಗರಿಯ ಸೂರಿನಡಿಯೂ ಇರಲಿಲ್ಲ.

ಹಾಗೆಂದು ತುವಾಲುವಿನ ಹೊಣೆಯನ್ನು ಪೂರ್ತಿ ಇಳಿಸಿಬಿಡುವಂತಿಲ್ಲ. 1986ರ ಸಂವಿಧಾನವನ್ನು ಅವರೇ ಕೂತು ತಿದ್ದಿ ಬರೆದದ್ದು. ಕ್ರೈಸ್ತ ತತ್ವಗಳನ್ನೂ ತುವಾಲು ಪದ್ಧತಿಯನ್ನೂ ಪೀಠಿಕೆಗೆ ತಂದರು, ತುವಾಲು ಮೌಲ್ಯಗಳ ರಕ್ಷಣೆಗೆಂದೇ 29ನೆಯ ಕಲಮನ್ನಿಟ್ಟರು. ಇಷ್ಟೆಲ್ಲ ಮಾಡಿದವರು ಆರನೆಯ ಪದವನ್ನು 27ರೊಳಗೆ ತರಲಿಲ್ಲ. ವಾರ್ಡ್ ಅವರ ಮೇಲೆ ಮೊದಲು ನನಗಿದ್ದ ಸಿಟ್ಟು ಈ ಹಂತದಲ್ಲಿ ಇಳಿಯಿತು. ಜನರೇ ಒಪ್ಪಿದ ಪಟ್ಟಿಗೆ ನ್ಯಾಯಾಧೀಶರೊಬ್ಬರು ಪದ ಸೇರಿಸಬಹುದೇ ಎಂಬುದು ಪ್ರಾಮಾಣಿಕ ಪ್ರಶ್ನೆ.

ಸೇರಿಸಬಹುದೆಂದು ಬೋಟ್ಸ್ವಾನಾ ಹೇಳಿತ್ತು. ಯೂನಿಟಿ ಡೌ ಎಂಬ ವಕೀಲೆ ಅಮೆರಿಕದವನನ್ನು ಮದುವೆಯಾಗಿದ್ದರು. ಮದುವೆಯ ನಂತರ ಹುಟ್ಟಿದ ಅವರ ಮಕ್ಕಳಿಗೆ ಪೌರತ್ವ ತಾಯಿಯಿಂದ ಬರುತ್ತಿರಲಿಲ್ಲ. ವಿದೇಶಿ ಹೆಣ್ಣನ್ನು ಮದುವೆಯಾದ ಗಂಡಸಿನ ಮಕ್ಕಳಿಗೆ ಆ ತೊಡಕಿರಲಿಲ್ಲ. ಪಟ್ಟಿಯಲ್ಲಿ ಲಿಂಗವಿಲ್ಲ, ಆದ್ದರಿಂದ ಇದು ತಾರತಮ್ಯವಲ್ಲ ಎಂದು ಸರ್ಕಾರ ವಾದಿಸಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಅದನ್ನು ತಳ್ಳಿಹಾಕಿತು. 3ನೆಯ ಕಲಮೇ ಬೀಗದ ಕೈ, 15ರ ಪಟ್ಟಿ ಬರೀ ಉದಾಹರಣೆ ಎಂದಿತು. ಡೌ ಮುಂದೆ ಅದೇ ದೇಶದ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆಯಾದರು.

ಪೆಸಿಫಿಕ್‌ನಲ್ಲಿ ಈ ಒಂದು ಪದದ ತೂಕ ಎಷ್ಟೆಂದು ಹುಡುಕುತ್ತ ಹೋದಾಗ ಸಿಕ್ಕ ಜೋಡಿ ತೀರ್ಪುಗಳನ್ನು ನಾನು ಮರೆಯಲಾರೆ. ಅತ್ಯಾಚಾರದ ಪ್ರಕರಣದಲ್ಲಿ ಹೆಣ್ಣಿನ ಮಾತೊಂದನ್ನೇ ನಂಬಿ ಶಿಕ್ಷಿಸುವುದು ಅಪಾಯ, ಅದಕ್ಕೆ ಬೇರೆ ಪುರಾವೆಯ ಬೆಂಬಲ ಬೇಕು ಎಂದು ಎಚ್ಚರಿಸುವ ಹಳೆಯ ಇಂಗ್ಲಿಷ್ ರೂಢಿಯೊಂದಿತ್ತು. ಕಳವು ಮಾಲಿನ ಬಗ್ಗೆ ಸಾಕ್ಷಿ ಹೇಳುವ ಹೆಂಗಸಿನ ಮಾತಿಗೆ ಆ ಎಚ್ಚರಿಕೆ ಇಲ್ಲ, ತನ್ನ ದೇಹದ ಮೇಲಾದ ಹಲ್ಲೆಯ ಬಗ್ಗೆ ಹೇಳಿದರೆ ಮಾತ್ರ ಇದೆ. ಕಿರಿಬಾಟಿಯ ಹೈಕೋರ್ಟಿನಲ್ಲಿ 1998ರಲ್ಲಿ ಈ ರೂಢಿಯನ್ನು ಪ್ರಶ್ನಿಸಲಾಯಿತು. ಸಂವಿಧಾನದ ಪಟ್ಟಿಯಲ್ಲಿ ಲಿಂಗ ಇಲ್ಲವಾದ್ದರಿಂದ ರೂಢಿ ಉಳಿಯಿತು. ಫಿಜಿಯ ಮೇಲ್ಮನವಿ ನ್ಯಾಯಾಲಯದ ಮುಂದೆ 2004ರಲ್ಲಿ ಅದೇ ರೂಢಿ ಬಂತು. ಫಿಜಿಯ 1997ರ ಸಂವಿಧಾನದ 38ನೆಯ ಕಲಮಿನಲ್ಲಿ ಆ ಪದ ಇತ್ತು. ರೂಢಿ ಬಿದ್ದುಹೋಯಿತು. ಅದೇ ಸಾಗರ, ಅದೇ ಇಂಗ್ಲಿಷ್ ರೂಢಿ, ಹೆಣ್ಣಿನದು ಅದೇ ಮಾತು. ಒಂದು ಪದ ಇದ್ದದ್ದಕ್ಕೂ ಇಲ್ಲದ್ದಕ್ಕೂ ಇಷ್ಟು ಅಂತರ. ಕಿರಿಬಾಟಿ ಅದಕ್ಕೂ ಮೊದಲೇ 2003ರ ಸಾಕ್ಷ್ಯ ಕಾಯಿದೆಯ ಮೂಲಕ ಆ ರೂಢಿಯನ್ನು ತೆಗೆದುಹಾಕಿತು ಎಂಬುದನ್ನೂ ಹೇಳಬೇಕು. ನ್ಯಾಯಾಲಯದಿಂದ ಆಗದ್ದನ್ನು ಸಂಸತ್ತು ಮಾಡಿತು.

ನಮ್ಮ ಸಂವಿಧಾನದ 15ನೆಯ ವಿಧಿಯನ್ನು ಈ ಕಾಗದಗಳ ನಡುವೆ ಒಮ್ಮೆ ತೆರೆದು ನೋಡಿದೆ. ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಕಾಯಿದೆಯೇ ಇಲ್ಲದಿದ್ದಾಗ, 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸೀಡಾವನ್ನು ಹಿಡಿದು ಮಾರ್ಗಸೂಚಿ ಬರೆಯಿತು. ಹಾಗೆ ಬರೆಯಲು ಒಳಗೆ ಊರುಗೋಲಾಗಿದ್ದದ್ದು 14, 15, 21ನೆಯ ವಿಧಿಗಳು. ನಾವೂ ದ್ವೈತದವರೇ. ಆದರೆ ಹೊರಗೆ ನಿಂತ ಒಡಂಬಡಿಕೆಗೆ ಬಾಗಿಲು ತೆರೆಯುವ ಪದ ನಮ್ಮ ಮನೆಯೊಳಗೆ 1950ರಿಂದಲೇ ಇತ್ತು.

ತುವಾಲುವಿಗೆ ಮರಳುತ್ತೇನೆ. ಸಂವಿಧಾನದ ಪಟ್ಟಿಗೆ ಲಿಂಗವನ್ನು ಸೇರಿಸಬೇಕೆಂದು ಸಮಿತಿ 2009ರಲ್ಲಿ ಒತ್ತಾಯಿಸಿತು. 2015ರಲ್ಲಿ ಮತ್ತೆ ಅದೇ ಮಾತು. ಈ ನಡುವೆ ಸುಮ್ಮನೆ ಕುಳಿತಿರಲಿಲ್ಲ ಆ ದೇಶ. 2014ರಲ್ಲಿ ಕೌಟುಂಬಿಕ ರಕ್ಷಣೆ ಮತ್ತು ಗೃಹಹಿಂಸೆ ಕಾಯಿದೆ ಬಂತು. ಸಂವಿಧಾನಕ್ಕೆ ಕೈಹಚ್ಚುವುದು ಮಾತ್ರ ಹಾಗಲ್ಲ. ಅಲ್ಲಿ ಪ್ರತಿ ದ್ವೀಪಕ್ಕೂ ಫಲೆಕೌಪುಲೆ ಎಂಬ ಸಾಂಪ್ರದಾಯಿಕ ಸಭೆಯಿದೆ, ನಮ್ಮ ಊರಕಟ್ಟೆಯ ಪಂಚಾಯಿತಿಯ ಹಾಗೆ. ಅಲ್ಲಿ ಹಿಂದಿನಿಂದ ಮಾತಿನ ಅಧಿಕಾರ ಮನೆತನಗಳ ಹಿರಿಯರದು. ಗಂಡುಮಕ್ಕಳಿಗೆ ಹೆಚ್ಚು ಪಾಲು ಕೊಡುವ ಜಮೀನು ಪದ್ಧತಿಯೂ ಇದರ ಜೊತೆಗೇ ಹೆಣೆದುಕೊಂಡಿದೆ. ಒಂದು ಪದ ಒಳಗೆ ಬಂದರೆ ಯಾವ ಯಾವ ಬೇರು ಅಲುಗೀತು ಎಂಬ ಆತಂಕ ಅವರಿಗಿದ್ದರೆ ಅದು ಸಹಜ. ಆ ಆತಂಕಕ್ಕೆ ಬೆಲೆ ತೆತ್ತವರು ಯಾರೆಂಬುದನ್ನೂ ಮರೆಯುವಂತಿಲ್ಲ.

2023ರಲ್ಲಿ ಅದು ಬಂತು. ಸೆಪ್ಟೆಂಬರಿನಲ್ಲಿ ಸಂಸತ್ತು ಹೊಸ ಸಂವಿಧಾನ ಕಾಯಿದೆಯನ್ನು ಅಂಗೀಕರಿಸಿತು, ಸ್ವಾತಂತ್ರ್ಯ ದಿನವಾದ ಅಕ್ಟೋಬರ್ 1ರಂದು ಅದು ಜಾರಿಗೆ ಬಂತು. ಸಮುದ್ರ ಏರಿ ನೆಲ ಮುಳುಗಿದರೂ ತುವಾಲು ಎಂಬ ರಾಷ್ಟ್ರ ಶಾಶ್ವತವಾಗಿ ಇರುತ್ತದೆ ಎಂಬ ಘೋಷಣೆ ಅದರಲ್ಲಿದೆ. ಪತ್ರಿಕೆಗಳಲ್ಲಿ ನಾನು ಓದಿದ್ದೆಲ್ಲ ಹೆಚ್ಚಾಗಿ ಅದರ ಬಗ್ಗೆಯೇ, ಅದು ಸರಿಯೇ. ನಾನು ಹುಡುಕಿದ್ದು ತಾರತಮ್ಯದ ಪಟ್ಟಿಯನ್ನು. ಅಲ್ಲಿ ಲಿಂಗ ಇತ್ತು. ಅಂಗವೈಕಲ್ಯವೂ ಹೊಸದಾಗಿ ಸೇರಿತ್ತು. ನಾಲ್ಕು ತಿಂಗಳೊಳಗೆ, 2024ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ಸಂಸತ್ತಿಗೆ ಒಬ್ಬ ಮಹಿಳೆಯೂ ಆರಿಸಿ ಬರಲಿಲ್ಲ. ಇದನ್ನೂ ಅದೇ ಪುಟದಲ್ಲಿ ಬರೆದಿಟ್ಟುಕೊಂಡೆ.

ಕಡತ ಕಟ್ಟಿಡುವ ಮುನ್ನ 2005ರ ತೀರ್ಪನ್ನು ಇನ್ನೊಮ್ಮೆ ತೆಗೆದು ಲೆಕ್ಕ ಹಾಕಿದೆ. ಆರನೆಯ ಪದ ಸಂವಿಧಾನದ ಪಟ್ಟಿಗೆ ಬರುವ ಹೊತ್ತಿಗೆ ಆ ಮಗುವಿಗೆ ಹದಿನೆಂಟು ದಾಟಿತ್ತು. ಯಾರ ಬಳಿ ಇರಬೇಕೆಂದು ಯಾವ ನ್ಯಾಯಾಲಯವನ್ನೂ ಕೇಳಬೇಕಾಗಿರಲಿಲ್ಲ.