ಮೂರು ತಿಂಗಳಾದರೂ ಬಿಡದ ನೋವಿಗೆ ಮನಸ್ಸಿನ ಕಡೆಯ ಚಿಕಿತ್ಸೆ

3 ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಇದಕ್ಕೆ ಮನಃಶಾಸ್ತ್ರಜ್ಞರನ್ನು ನೋಡಿ ಅಂದರೆ ‘ನನಗೇನು ತಲೆ ಕೆಟ್ಟಿದೆಯಾ’ ಅನ್ನುವವರೇ ಜಾಸ್ತಿ. ನೋವು ಸುಳ್ಳು ಎಂದು ಇದರ ಅರ್ಥವಲ್ಲ. ಬೆನ್ನುಹುರಿಯಲ್ಲಿ ಗೇಟಿನಂಥ ಒಂದು ವ್ಯವಸ್ಥೆ ಇದೆ, ಅದನ್ನು ತೆರೆದು ಮುಚ್ಚುವುದರಲ್ಲಿ ಮೆದುಳಿಗೂ ಪಾಲಿದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಾದಿಸಿದ್ದರು. ನಿದ್ದೆ ಕೆಟ್ಟರೆ, ಊರಿನ ಸಾಲದ ಚಿಂತೆ ಹತ್ತಿದರೆ ಅದೇ ಸೊಂಟನೋವು ಎರಡು ಪಟ್ಟು ಅನ್ನಿಸುವುದು ಇದಕ್ಕೇ.

ಚಿಕಿತ್ಸೆಯಲ್ಲಿ ಮಾತುಕತೆ, ಉಸಿರಾಟದ ಅಭ್ಯಾಸ, ನಿದ್ದೆಯ ಕ್ರಮ ಎಲ್ಲ ಇರುತ್ತದೆ. ದುಡಿಯುವವರಿಗೆ ಹೆಚ್ಚು ಉಪಯೋಗದ್ದು ಅಮೆರಿಕದ ವಿಲ್ಬರ್ಟ್ ಫೋರ್ಡೈಸ್ ಕಲಿಸಿದ ಲೆಕ್ಕ: ನೋವು ತಡೆಯಲಾರದಷ್ಟಾದ ಮೇಲೆ ಮಲಗುವುದಲ್ಲ, ಮೊದಲೇ ಗೊತ್ತುಮಾಡಿದಷ್ಟು ಮಾಡಿ ನಿಲ್ಲಿಸುವುದು. 20 ನಿಮಿಷ ನಡೆದರೆ ನೋವು ಏಳುತ್ತದೆ ಅಂದರೆ 15ಕ್ಕೇ ಕೂರಬೇಕು. ನೋವಿಲ್ಲದ ದಿನವೂ ಅಷ್ಟೇ. ಆಮೇಲೆ ಸ್ವಲ್ಪ ಸ್ವಲ್ಪ ಏರಿಸಬೇಕು. ಸೈಟಿನಲ್ಲಿ ಫೋರ್‌ಮನ್ ಇದಕ್ಕೆ ಒಪ್ಪುವುದು ಕಷ್ಟ, ರೂಮಿನಲ್ಲಿ ರಜೆಯ ದಿನ ಶುರು ಮಾಡಬಹುದು. ಹೊಸದಾಗಿ ಸೊಂಟ ಹಿಡಿದವರೂ ವಾರಗಟ್ಟಲೆ ಹಾಸಿಗೆ ಹಿಡಿಯದೆ ಆದಷ್ಟು ಓಡಾಡುತ್ತಿದ್ದರೆ ನೋವು ಬೇರೂರುವ ಸಾಧ್ಯತೆ ಕಡಿಮೆ.

ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಇದ್ಯಾವುದನ್ನೂ ಕಾಯದೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು.